ಹಿನ್ನೀರಿನ ಅಂಚಿನ ಐದು ಗೋಪುರಗಳು

ಕೊಚ್ಚಿ ನೀರಿನಿಂದ ಹುಟ್ಟಿದ ನಗರ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರವು ಪ್ರಾಚೀನ ಮುಜಿರಿಸ್ ಬಂದರನ್ನು ಹೂಳಿನಿಂದ ಮುಚ್ಚಿ, ಕೊಚ್ಚಿಯ ಅಳಿವೆಯನ್ನು ತೆರೆಯಿತೆಂಬುದು ರೂಢಿಯಲ್ಲಿರುವ ಅಭಿಪ್ರಾಯ. ಇಪ್ಪತ್ತನೆಯ ಶತಮಾನದಲ್ಲಿ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರು ಬಂದರಿನ ಹೂಳೆತ್ತಿಸಿ, ಆ ಮಣ್ಣಿನಿಂದಲೇ ವಿಲ್ಲಿಂಗ್ಡನ್ ದ್ವೀಪವನ್ನು ರೂಪಿಸಿದರು. ನೆಲ ಎಲ್ಲಿ ಮುಗಿದು ನೀರು ಎಲ್ಲಿ ತೊಡಗುತ್ತದೆ ಎಂಬ ಪ್ರಶ್ನೆ ಇಂತಹ ಊರಿನಲ್ಲಿ ಸುಲಭದ್ದಲ್ಲ. ಮರಡು ಬಡಾವಣೆಯ ಐಷಾರಾಮಿ ಗೋಪುರಗಳ ಕಥೆ ಈ ಪ್ರಶ್ನೆಯದೇ ಮುಂದುವರಿಕೆ.

ಕೇಂದ್ರ ಸರ್ಕಾರವು 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿತು. ಸಮುದ್ರತೀರಕ್ಕೆ ಮಾತ್ರವಲ್ಲ, ಉಬ್ಬರವಿಳಿತ ಮುಟ್ಟುವ ಹಿನ್ನೀರಿನ ದಡಕ್ಕೂ ಅದು ಅನ್ವಯಿಸುತ್ತಿತ್ತು. ಮರಡು ಆಗ ಅದರ ಮೂರನೆಯ ವರ್ಗಕ್ಕೆ ಸೇರಿತ್ತು. ದಡಕ್ಕೆ ತಾಗಿ ಹೊಸ ಕಟ್ಟಡ ಏಳುವಂತಿರಲಿಲ್ಲ. ಅರ್ಜಿಗಳು ರಾಜಧಾನಿ ತಿರುವನಂತಪುರದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಮುಂದೆ ಹೋಗಬೇಕಿತ್ತು. ಆದರೆ 2006ರಲ್ಲಿ ಮರಡು ಗ್ರಾಮ ಪಂಚಾಯಿತಿಯೇ ಪರವಾನಗಿ ನೀಡಿತು. ಮರುವರ್ಷ ಪಂಚಾಯಿತಿಯೇ ಕಾರಣ ಕೇಳಿ ನೋಟಿಸು ಕಳುಹಿಸಿತು. ನಿರ್ಮಾಪಕರು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ವ್ಯಾಜ್ಯ ನಡೆಯುತ್ತಿದ್ದಂತೆಯೇ ಅಂತಸ್ತುಗಳು ಏರಿದವು, ಮನೆಗಳು ಮಾರಾಟವಾದವು. ಅಧಿಕಾರಿಗಳ ಲೋಪಕ್ಕೆ ಪರವಾನಗಿ ಪಡೆದವರು ಬಲಿಯಾಗಬಾರದೆಂಬ ನಿಲುವಿನಿಂದ ಹೈಕೋರ್ಟು ನಿರ್ಮಾಪಕರ ಪರವಾಗಿ ತೀರ್ಪಿತ್ತಿತು. ಪ್ರಾಧಿಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2019ರ ಮೇ 8ರಂದು ತೀರ್ಪು ಬಂತು: ಕಟ್ಟಡಗಳನ್ನು ನೆಲಸಮ ಮಾಡಬೇಕು.

ನಾಲ್ಕು ಸಮುಚ್ಚಯಗಳಲ್ಲಿ 343 ಮನೆಗಳಿದ್ದವು. ಹಲವರು ಜೀವಮಾನದ ಉಳಿತಾಯವನ್ನು ಅಲ್ಲಿ ತೊಡಗಿಸಿದ್ದರು. ಸೆಪ್ಟೆಂಬರಿನಲ್ಲಿ ವಿದ್ಯುತ್ತು, ನೀರು ಕಡಿತಗೊಂಡವು. ಅಕ್ಟೋಬರಿನ ಹೊತ್ತಿಗೆ ಮನೆಗಳು ಬರಿದಾದವು. ರಾಜ್ಯ ಸರ್ಕಾರವು ಮಾಲೀಕರಿಗೆ ತಾತ್ಕಾಲಿಕ ಪರಿಹಾರವಾಗಿ ತಲಾ 25 ಲಕ್ಷ ರೂಪಾಯಿ ನೀಡಿ, ಬಳಿಕ ಅದನ್ನು ನಿರ್ಮಾಪಕರಿಂದ ವಸೂಲು ಮಾಡಬಹುದೆಂದು ನ್ಯಾಯಾಲಯ ಹೇಳಿತು. 2020ರ ಜನವರಿ 11ರಂದು 19 ಅಂತಸ್ತುಗಳ 'ಹೋಲಿ ಫೇಯ್ತ್ ಎಚ್‌ಟುಒ' ಮತ್ತು 'ಆಲ್ಫಾ ಸೆರೀನ್'ನ ಜೋಡಿ ಗೋಪುರಗಳು, ಮರುದಿನ 'ಜೈನ್ ಕೋರಲ್ ಕೋವ್' ಹಾಗೂ 'ಗೋಲ್ಡನ್ ಕಾಯಲೋರಂ' ಸ್ಫೋಟಕಗಳಿಂದ ಕುಸಿದವು. ಕಾಯಲೋರಂ ಎಂದರೆ ಹಿನ್ನೀರಿನ ದಡ. ಕಾನೂನು ನಿಷೇಧಿಸಿದ್ದ ತಾಣವನ್ನೇ ಕಟ್ಟಡ ತನ್ನ ಹೆಸರಾಗಿ ಹೊತ್ತಿತ್ತು.

2018ರ ಪ್ರವಾಹವನ್ನು ಕಂಡ ನಾಡಿನಲ್ಲಿ ಈ ತೀರ್ಪು ಕಠೋರವೆಂದು ತೋರಿದರೂ ಅಕಾರಣವೆನ್ನಲಾಗದು. ಆದರೆ ಕಡತಗಳ ನಡುವೆ ವೃತ್ತಿಜೀವನ ಸವೆಸುತ್ತಿರುವ ನಮ್ಮನ್ನು ಕಾಡುವುದು ಬೇರೊಂದು ವಿಷಯ. ಪರವಾನಗಿಗೂ ಅಂತಿಮ ತೀರ್ಪಿಗೂ ನಡುವೆ 13 ವರ್ಷಗಳು ಕಳೆದವು. ಮೊದಲ ನೋಟಿಸಿನಂದೇ ಕೆಲಸ ನಿಂತಿದ್ದರೆ ಉರುಳಿಸಬೇಕಾದುದು ಬಹುಶಃ ಅಡಿಪಾಯವನ್ನಷ್ಟೇ. ಅದರೊಳಗೆ ಯಾರ ಸಂಸಾರವೂ ಇರುತ್ತಿರಲಿಲ್ಲ. ವಿಳಂಬದ ಹೊರೆಯನ್ನು ಹೆಚ್ಚಾಗಿ ಹೊತ್ತವರು ಪರವಾನಗಿಯ ಕಾಗದವನ್ನು ನಂಬಿ ಹಣ ತೆತ್ತವರು.

ಮಂಗಳೂರಿನಿಂದ ಕಾರವಾರದವರೆಗಿನ ನಮ್ಮ ಅಳಿವೆಗಳಿಗೂ ಇದೇ ಕಾನೂನು. ತವರಿನಿಂದ ದೂರವಿದ್ದು, ಪರವೂರಿನಲ್ಲೋ ಹುಟ್ಟೂರಿನ ಕಡಲ ದಡದಲ್ಲೋ ಮನೆ ಕೊಳ್ಳಹೊರಟ ನಾವು ಕಿಟಕಿಯಾಚೆಯ ನೀರನ್ನು ಮೆಚ್ಚುವ ಮುನ್ನ, ಆ ನೀರಿಗೂ ಗೋಡೆಗೂ ನಡುವಿನ ಅಂತರವನ್ನು ಕರಾವಳಿ ವಲಯದ ನಕ್ಷೆಯಲ್ಲಿ ಅಳೆದು ನೋಡಬೇಕು.