ತ್ಸುಬಮೆಯ ತಾಮ್ರದ ಕಸುಬು

ಜಪಾನಿನ ಎಚಿಗೊ ಎಂಬ ಸೀಮೆಯಲ್ಲಿ, ಅಂದರೆ ಇಂದಿನ ನೀಗಾತಾ ಪ್ರಾಂತದಲ್ಲಿ, ಶಿನಾನೊ ನದಿಯ ಬಯಲಿನಲ್ಲಿ ತ್ಸುಬಮೆ ಎಂಬ ಊರಿದೆ. ಭತ್ತವೇ ಇಲ್ಲಿಯ ಜನರ ಜೀವನಾಧಾರವಾಗಿದ್ದಿತು. ಆದರೆ ನದಿಯು ಮತ್ತೆ ಮತ್ತೆ ಉಕ್ಕಿ ಪೈರನ್ನು ಕೊಚ್ಚಿಕೊಂಡು ಹೋಗುತ್ತಿದ್ದುದರಿಂದ, ಹದಿನೇಳನೆಯ ಶತಮಾನದಲ್ಲಿ ರೈತರು ಮೊಳೆ ಬಡಿಯುವ ಕಸುಬನ್ನು ಕೈಕೊಂಡರು. ಇಂದು ಟೋಕಿಯೋ ಎನಿಸಿಕೊಂಡಿರುವ ಎಡೊ ನಗರದ ಮರದ ಮನೆಗಳು ಬೆಂಕಿಗೆ ಆಹುತಿಯಾದಾಗಲೆಲ್ಲ ಮೊಳೆಗಳಿಗೆ ಬೇಡಿಕೆ ಹೆಚ್ಚುತ್ತಿದ್ದಿತು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಸೆಂದಾಯಿಯಿಂದ ಬಂದ ಸಂಚಾರಿ ಕುಶಲಕರ್ಮಿಯೊಬ್ಬನು ತಾಮ್ರವನ್ನು ಬಡಿದು ಪಾತ್ರೆ ಮಾಡುವ ವಿದ್ಯೆಯನ್ನು ಇಲ್ಲಿಗೆ ತಂದನೆಂದು ಪ್ರತೀತಿ. ಸಮೀಪದ ಯಾಹಿಕೊ ಬೆಟ್ಟದ ಬಳಿ ತಾಮ್ರದ ಗಣಿಯಿದ್ದಿತು. ಸುತ್ತಿಗೆ ಹಿಡಿದು ಪಳಗಿದ ಕೈಗಳು ಊರಿನಲ್ಲಿ ಮೊದಲೇ ಇದ್ದವು. ೧೮೧೬ರಲ್ಲಿ ತಮಗಾವಾ ಕಾಕುಬೇಯಿ ಎಂಬವನು ಆರಂಭಿಸಿದ ಕಾರ್ಯಾಗಾರವು ಗ್ಯೊಕುಸೆಂದೋ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. ೧೮೭೩ರ ವಿಯೆನ್ನಾ ಪ್ರದರ್ಶನದಲ್ಲಿ ಇದರ ಪಾತ್ರೆಗಳನ್ನು ಇರಿಸಿದ್ದರು.

ಈ ಕೆಲಸದಲ್ಲಿ ತಗಡನ್ನು ಹಿಗ್ಗಿಸುವುದಕ್ಕಿಂತಲೂ ಕುಗ್ಗಿಸುವುದೇ ಮುಖ್ಯ. ಮರದ ದಿಮ್ಮಿಗೆ ಸಿಕ್ಕಿಸಿದ ಕಬ್ಬಿಣದ ಆಸರೆಯ ಮೇಲೆ ತಗಡನ್ನಿಟ್ಟು, ಅದರ ಅಂಚನ್ನು ಬಡಿಯುತ್ತ ಒಳಕ್ಕೆ ತರುವರು. ಏಟು ಬಿದ್ದಷ್ಟೂ ತಾಮ್ರವು ಬಿರುಸಾಗುವುದು. ಆಗ ಅದನ್ನು ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿ ಪುನಃ ಬಡಿಯಬೇಕು. ಹೀಗೆ ಅನೇಕಾವರ್ತಿ ನಡೆದ ಮೇಲೆ ರೂಪವು ಮೂಡುವುದು. ನೀರು ಕಾಯಿಸುವ ಗಿಂಡಿಯ ಸೊಂಡಿಲನ್ನೂ ಬೆಸುಗೆಯಿಲ್ಲದೆ ಅದೇ ತಗಡಿನಿಂದ ಎಬ್ಬಿಸಬಲ್ಲ ನಿಪುಣರು ಅಲ್ಲಿದ್ದಾರೆ. ಕೆಲವು ಪಾತ್ರೆಗಳಿಗೆ ಕಲಾಯಿ ಹಾಕಿ, ಗಂಧಕದ ದ್ರಾವಣದಿಂದ ಗಾಢವಾದ ಬಣ್ಣವನ್ನು ತರುವರು.

೧೮೬೮ರ ರಾಜ್ಯಪರಿವರ್ತನೆಯ ತರುವಾಯ ಯಂತ್ರದ ಪಾಶ್ಚಾತ್ಯ ಮೊಳೆಗಳು ಬಂದು ಕೈಮೊಳೆಯ ಕಸುಬು ಅಳಿಯಿತು. ತಾಮ್ರದ ಕೆಲಸವೂ ಸಂಕಟಗಳನ್ನು ಕಂಡಿತು. ಎರಡನೆಯ ಮಹಾಯುದ್ಧದಲ್ಲಿ ತಾಮ್ರವು ಯುದ್ಧಸಾಮಗ್ರಿಯಾಯಿತು. ಅನಂತರ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳು ಮನೆಗಳನ್ನು ಹೊಕ್ಕವು. ಆದರೂ ಕಸುಬು ಉಳಿಯಿತು. ೧೯೮೧ರಲ್ಲಿ ಜಪಾನಿನ ಸರಕಾರವು ಇದನ್ನು ಸಾಂಪ್ರದಾಯಿಕ ಕರಕುಶಲವೆಂದು ಮನ್ನಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಚಮಚಗಳಿಗೆ ಬೇಡಿಕೆ ಬಂದಾಗ ಅವನ್ನು ಮಾಡಲು ಒದಗಿದುದೂ ಇದೇ ಊರಿನ ಲೋಹದ ಅನುಭವವೇ.

ಹೀಗೆ ಒಂದು ಕಸುಬು ಬಿಟ್ಟುಹೋದ ನೈಪುಣ್ಯವನ್ನು ಮತ್ತೊಂದು ಕಸುಬು ಎತ್ತಿಕೊಂಡಿತು. ಒಂದು ಊರಿನ ಸಂಪತ್ತನ್ನು ಎಣಿಸುವಾಗ ಅದರ ಹೊಲ, ಗಣಿಗಳನ್ನು ಮಾತ್ರವಲ್ಲದೆ ಅಲ್ಲಿಯ ಜನರ ಕಲಿತ ಕೈಗಳನ್ನೂ ಎಣಿಸಬೇಕೆಂಬುದಕ್ಕೆ ತ್ಸುಬಮೆಯ ಚರಿತ್ರೆಯೇ ಸಾಕ್ಷಿ.