ಕಳ್ಳವೈದ್ಯನೂ ಕೇರಿಯ ಗುಡಿಸಲೂ

ನಮ್ಮ ಕಥೆ, ಕಾದಂಬರಿ, ಸಿನಿಮಾಗಳಲ್ಲಿ ಒಬ್ಬ ವೈದ್ಯನಿದ್ದಾನೆ. ಅವನಿಗೆ ಬೋರ್ಡಿಲ್ಲ, ಸರ್ಟಿಫಿಕೇಟಿಲ್ಲ, ಬಹಳ ಸಲ ಹೆಸರೂ ಇಲ್ಲ. ಹಗಲು ಹೊತ್ತು ಅವನ ಬಾಗಿಲಿಗೆ ಮಾನಸ್ಥರು ಹೋಗುವುದಿಲ್ಲ. ಹಿಂದಿ ಸಿನಿಮಾ ಆದರೆ ಗುಂಡೇಟು ತಿಂದವನನ್ನು ಪೊಲೀಸರ ಕಣ್ಣು ತಪ್ಪಿಸಿ ಅವನಲ್ಲಿಗೆ ಹೊತ್ತು ತರುತ್ತಾರೆ, ಅವನು ಚಾಕು ಕಾಯಿಸಿ ಗುಂಡು ಕೀಳುತ್ತಾನೆ. ಇಂಗ್ಲಿಷ್ ಪತ್ತೇದಾರಿ ಕಥೆಗಳಲ್ಲಿ ಅವನು ಕುಡಿದು ಕೆಟ್ಟು ಲೈಸೆನ್ಸ್ ಕಳಕೊಂಡ ದೊರೆ. ಕನ್ನಡದಲ್ಲಿ ಗುಂಡೇಟು ಕಡಿಮೆ. ಇಲ್ಲಿ ಕತ್ತಲಲ್ಲಿ ಆ ಬಾಗಿಲಿಗೆ ಬರುವವಳು ಬಸುರಾದ ವಿಧವೆ. ಬಾಗಿಲು ಯಾರದು ಎಂದರೆ, ಹೆಚ್ಚಾಗಿ ನಮ್ಮದು.

ಈ ಪಾತ್ರದ ಬಗ್ಗೆ ನಮ್ಮ ವಿಮರ್ಶಕರು ಹೆಚ್ಚು ಬರೆದಿಲ್ಲ. ಬರೆದರೂ ಮೌಢ್ಯ, ಅಜ್ಞಾನ, ವಂಚನೆ ಎಂದು ಮೂರು ಮಾತು ಹೇಳಿ ಮುಂದೆ ಹೋಗಿದ್ದಾರೆ. ಇವನನ್ನು ನೆಲದಡಿಗೆ ತಳ್ಳಿದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅದು ಚರಿತ್ರೆಯ ಪ್ರಶ್ನೆ. ಹಾಗಾಗಿ ಚರಿತ್ರೆಯಿಂದಲೇ ಹಿಡಿಯೋಣ.

ಸವಣೂರಿನ ಕಡೆಯಿಂದ ನೋಡಿದರೆ ಇದು ಸಲೀಸಾಗಿ ಕಾಣುತ್ತದೆ. ಹಾವೇರಿ ಜಿಲ್ಲೆಯ ನವಾಬರ ಸವಣೂರಲ್ಲ. ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಸವಣೂರು. ಅಡಿಕೆ ತೋಟ, ಗುಡ್ಡ, ಹೊಳೆ, ಮೂಡಲಿಗೆ ಘಟ್ಟ. ಈ ಸೀಮೆಯಲ್ಲಿ ಕಾಮಾಲೆಗೆ, ಸರ್ಪಸುತ್ತಿಗೆ, ಮುರಿದ ಎಲುಬಿಗೆ ಮದ್ದು ಕೊಡುವವರು ಎಲ್ಲ ಜಾತಿಯಲ್ಲೂ ಇದ್ದರು, ಈಗಲೂ ಉಂಟು. ಮೇಲಿನ ಜಾತಿಯವರಾದರೆ ಅವರು 'ಪಂಡಿತರು'. ಕೇರಿಯವನಾದರೆ ಬರೀ ಹೆಸರು ಹಿಡಿದು ಕರೆಯುತ್ತಾರೆ. ಬೇರು ಅದೇ, ಗುಡ್ಡ ಅದೇ.

1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಆ ಮದ್ರಾಸಿನಲ್ಲಿ 1914ರಲ್ಲಿ ವೈದ್ಯರ ನೋಂದಣಿ ಕಾಯಿದೆ ಬಂತು. ಪಾಶ್ಚಾತ್ಯ ವೈದ್ಯ ಕಲಿತವರ ಒಂದು ಪಟ್ಟಿ. ಪಟ್ಟಿಯಲ್ಲಿದ್ದವರು ಡಾಕ್ಟರು, ಇಲ್ಲದವರು ಅಲ್ಲ. ನಾಡವೈದ್ಯರ ಜೊತೆ ಕೈ ಸೇರಿಸಿದ ಡಾಕ್ಟರರ ಮೇಲೂ ಕಣ್ಣು ಬಿತ್ತು. 1916ರಲ್ಲಿ ಇಡೀ ದೇಶಕ್ಕೆ ಮೆಡಿಕಲ್ ಡಿಗ್ರಿ ಕಾಯಿದೆ. ಅಲ್ಲಿಯವರೆಗೆ ಮದ್ದು ಕೊಡುವವರಲ್ಲಿ ಒಳ್ಳೆಯವನು, ಕೆಟ್ಟವನು, ಕೈಗುಣ ಇದ್ದವನು, ಇಲ್ಲದವನು ಇದ್ದರು. ಲೈಸೆನ್ಸ್ ಇಲ್ಲದವನು ಎಂಬ ಹೊಸ ಜಾತಿ ಹುಟ್ಟಿದ್ದು ಈ ಕಾಗದಗಳಿಂದ.

ಆಯುರ್ವೇದದವರು ಸುಮ್ಮನೆ ಕೂರಲಿಲ್ಲ. ಅವರ ಗದ್ದಲದಿಂದ 1921ರಲ್ಲಿ ಮಹಮ್ಮದ್ ಉಸ್ಮಾನ್ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು, 1923ರಲ್ಲಿ ವರದಿ ಬಂತು, ಮುಂದೆ ಮದ್ರಾಸಿನಲ್ಲಿ ದೇಶೀಯ ವೈದ್ಯಶಾಲೆಯೂ ಆಯಿತು. ಒಳ್ಳೆಯದೇ. ಆದರೆ ಮಾನ್ಯತೆ ಸಿಕ್ಕಿದ್ದು ಗ್ರಂಥ ಇದ್ದವರಿಗೆ. ಸಂಸ್ಕೃತ, ಅರಬ್ಬಿ, ತಮಿಳಿನ ಓಲೆ ತೋರಿಸಬಲ್ಲವರಿಗೆ. ಓದುವುದಕ್ಕೇ ಬಿಡದ ಜನರ ಕೈಯಲ್ಲಿದ್ದ ಮದ್ದು, ಸೂಲಗಿತ್ತಿಯ ಬೆರಳಿನ ತಿಳಿವಳಿಕೆ, ಎಲುಬು ಕೂರಿಸುವವನ ಹಿಡಿತ, ಇವಕ್ಕೆ ಓಲೆ ಎಲ್ಲಿಂದ ತರುವುದು? ಎರಡು ಪಟ್ಟಿ ಆದ ಮೇಲೂ ಕೇರಿ ಎರಡರ ಹೊರಗೇ ಉಳಿಯಿತು.

ಇಲ್ಲಿ ಮಂಗಳೂರಿನ ಒಂದು ಮಾತು ಹೇಳಬೇಕು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಶುರು ಮಾಡಿದ ಫಾದರ್ ಆಗಸ್ಟಸ್ ಮುಲ್ಲರ್ ಇಲ್ಲಿಗೆ ಬಂದದ್ದು ಡಾಕ್ಟರಾಗಿ ಅಲ್ಲ, ಕಾಲೇಜಿನಲ್ಲಿ ಪಾಠ ಹೇಳುವ ಜೆಸ್ವಿತ್ ಪಾದ್ರಿಯಾಗಿ. ಮುಂದೆ ಕುಷ್ಠರೋಗಿಗಳಿಗೂ ಆಸರೆ ಕಟ್ಟಿಸಿದರು. ಅವರ ಹೆಸರಿನಲ್ಲಿ ಇವತ್ತು ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಇವೆ. ಅವರ ಬಗ್ಗೆ ನನಗೆ ಗೌರವವೇ. ಆದರೆ ಅವರನ್ನು ಯಾರೂ ಕಳ್ಳವೈದ್ಯ ಎನ್ನಲಿಲ್ಲ, ನೋಡಿ. ಕಾಗದ ಇಲ್ಲದಿರುವುದೊಂದೇ ಆ ಹೆಸರಿಗೆ ಸಾಲದು. ಜೊತೆಗೆ ಬೇರೆ ಏನೋ ಇಲ್ಲದಿರಬೇಕು.

ಕಾಗದ ಇದ್ದವರು ಏನು ಮಾಡಿದರು? ಬಾಬಾಸಾಹೇಬರು 'ವೇಯ್ಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟರ ಪತ್ರವನ್ನು ಎತ್ತಿಕೊಟ್ಟಿದ್ದಾರೆ. ಆ ಪತ್ರ 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಮೇಷ್ಟರ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದು ಮಲಗಿದಳು. ಡಾಕ್ಟರು ಕೇರಿಯೊಳಗೆ ಬರುವುದಿಲ್ಲ ಎಂದರು. ಊರ ಸಾಹುಕಾರರು ನಡುವೆ ಬಂದು, ಎರಡು ರೂಪಾಯಿ ಫೀಸು ಗೊತ್ತಾಗಿ, ಬಾಣಂತಿಯನ್ನು ಕೇರಿಯ ಹೊರಗೆ ತಂದರೆ ಮಾತ್ರ ನೋಡುತ್ತೇನೆ ಎಂಬ ಕರಾರಿನ ಮೇಲೆ ಬಂದರು. ಜ್ವರ ಅಳೆಯುವ ಕಡ್ಡಿಯನ್ನು ಡಾಕ್ಟರು ಒಬ್ಬ ಮುಸಲ್ಮಾನನಿಗೆ ಕೊಟ್ಟರು, ಅವನು ಗಂಡನಿಗೆ, ಗಂಡ ಹೆಂಡತಿಗೆ. ಬಂದ ದಾರಿಯಲ್ಲೇ ಕಡ್ಡಿ ಹಿಂದೆ ಹೋಯಿತು. ನ್ಯುಮೋನಿಯಾ ಎಂದು ಹೇಳಿ ಮದ್ದು ಕಳಿಸಿದರು. ಆಮೇಲೆ ಕರೆದರೂ ಬರಲಿಲ್ಲ. ಹೆಣ್ಣುಮಗಳು ಸತ್ತಳು.

ಈ ಡಾಕ್ಟರು ಹಗಲಿನಲ್ಲಿ ಕೂತು ಮದ್ದು ಕೊಡುವವರು. ಆ ರಾತ್ರಿ ಕೇರಿಯೊಳಗೆ ಯಾರಾದರೂ ಬಾಣಂತಿಯ ಮೈ ಮುಟ್ಟಿ ಕಷಾಯ ಕುಡಿಸಿದ್ದರೆ ಕಾಯಿದೆಯ ಕಣ್ಣಲ್ಲಿ ಅವಳೇ ನಕಲಿ. ಮುಟ್ಟುವ ವೈದ್ಯ ಕಳ್ಳ, ಮುಟ್ಟದ ವೈದ್ಯ ಅಸಲಿ. ನಮ್ಮ ಸಾಹಿತ್ಯದ ಕಳ್ಳವೈದ್ಯನ ಬೇರು ಇಲ್ಲಿದೆ.

ಈಗ ಕಾದಂಬರಿಗೆ ಬರೋಣ. ಪುತ್ತೂರಿನಲ್ಲಿ ಕೂತು ಬರೆದ ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಚನಿಯ ಜ್ವರ ಹೊತ್ತುಕೊಂಡು ಬಂದು ಸಾಯುತ್ತಾನೆ. ನೀಲ ನೀರಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರೂ ಹೊಲೆಯರ ಹುಡುಗನನ್ನು ಮುಟ್ಟಿ ಎಳೆಯುವವರಿಲ್ಲ. ಕಾರಂತರು ಇದನ್ನು ನಿಷ್ಠುರವಾಗಿ ಬರೆದರು, ಅದು ಅವರ ದೊಡ್ಡತನ. ಅಲ್ಲಿ ಕೇರಿಯ ಕಾಯಿಲೆ ಇದೆ, ಕೇರಿಯ ಸಾವು ಇದೆ. ಚೋಮ ಮಾಡುವುದು ಸಹಿಸುವುದು, ಕುಡಿಯುವುದು, ದುಡಿ ಬಾರಿಸುವುದು. ಓದಿ ಮುಗಿಸಿದಾಗ ಕೇರಿಗೆ ಮದ್ದು ಗೊತ್ತಿತ್ತು ಎಂಬುದು ಮನಸ್ಸಿಗೆ ಬರುವುದೇ ಇಲ್ಲ. ಅದೇ ಗುಡ್ಡದ ಬೇರು ಅಗೆದು ಊರಿಗೆಲ್ಲ ಕೊಟ್ಟ ಜನ ಅವರು!

ಕುವೆಂಪು ಅವರ 'ಕಾನೂರು ಹೆಗ್ಗಡತಿ' 1936. ಹೆಗ್ಗಡತಿ ಸುಬ್ಬಮ್ಮ ವಿಧವೆಯಾಗಿ ಬಸುರಾಗಿ, ಅದನ್ನು ಕಳೆಯಲು ಹೋಗಿ ಸಾಯುತ್ತಾಳೆ. ಮನೆತನದ ಮರ್ಯಾದೆ ಅವಳನ್ನು ಅಲ್ಲಿಗೆ ನೂಕುತ್ತದೆ. ಗರ್ಭ ತೆಗೆಸುವುದು 1860ರ ದಂಡಸಂಹಿತೆಯಲ್ಲಿ ಅಪರಾಧ. ವಿಧವೆಗೆ ಮರುಮದುವೆ ಶಾಸ್ತ್ರದಲ್ಲಿ ಅಪರಾಧ. ಬ್ರಿಟಿಷರ ಕಾನೂನೂ ಮನುವಿನ ಕಾನೂನೂ ಕೂಡಿ ಬಿಗಿದ ಗಂಟನ್ನು ಬಿಚ್ಚಬೇಕಾದ್ದು ಒಂದು ಗಿಡಮೂಲಿಕೆಯ ಕಡ್ಡಿ.

ಅನಂತಮೂರ್ತಿಯವರ 'ಘಟಶ್ರಾದ್ಧ' ಈ ಪಾತ್ರದ ಹತ್ತಿರಕ್ಕೆ ಇನ್ನೂ ಬರುತ್ತದೆ. ಗಿರೀಶ್ ಕಾಸರವಳ್ಳಿ 1977ರಲ್ಲಿ ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ಪಡೆದರು. ವೇದ ಹೇಳಿಕೊಡುವ ಉಡುಪರ ಮಗಳು ಯಮುನಕ್ಕ, ವಿಧವೆ. ಬಸುರು ಮಾಡಿದವನು ಶಾಲೆಯ ಮೇಷ್ಟರು. ಸಿನಿಮಾದಲ್ಲಿ ಗರ್ಭ ತೆಗೆಸುವುದು ಅಗ್ರಹಾರದಾಚೆಯ ಗುಡಿಸಲಿನಲ್ಲಿ, ರಾತ್ರಿ. ಹೊರಗೆ ಕುಡಿತ, ಕುಣಿತ, ಒಳಗೆ ಆ ಹೆಣ್ಣಿನ ನರಳಾಟ. ನೋಡಿದವರು ಆ ದೃಶ್ಯ ಮರೆಯುವುದಿಲ್ಲ. ಮರುದಿನ ಮೇಷ್ಟರು ಊರಲ್ಲಿಲ್ಲ. ಅಪ್ಪ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಬ್ರಾಹ್ಮಣಶಾಹಿಯನ್ನು ಒಳಗಿನಿಂದಲೇ ಹೀಗೆ ಸೀಳಿದ ಕೃತಿ ಕಡಿಮೆ. ಆದರೂ ಒಂದು ತಕರಾರು. ನಮ್ಮ ಕಣ್ಣೀರೆಲ್ಲ ಯಮುನಕ್ಕನಿಗೆ ಹೋಗುತ್ತದೆ, ಹೋಗಲಿ, ಹೋಗಬೇಕಾದ್ದೇ. ಗುಡಿಸಲಿನ ಪಾಲಿಗೆ ಉಳಿಯುವುದು ಕತ್ತಲು, ಹೆಂಡ, ಭಯ. ಅಲ್ಲಿ ಕೈ ಹಾಕಿದವರಿಗೆ ಹಿಂದಿನ ದಿನವೂ ಇಲ್ಲ, ಮರುದಿನವೂ ಇಲ್ಲ. ಹೆಣ್ಣು ಸತ್ತಿದ್ದರೆ ಜೈಲಿಗೆ ಹೋಗಬೇಕಾದವರು ಯಾರು? ಬದುಕಿದರೆ ಬಾಯಿ ಮುಚ್ಚಿಕೊಂಡಿರಬೇಕಾದವರು ಯಾರು? ಮೇಷ್ಟರಿಗೆ ಬಸ್ಸು ಹತ್ತುವ ದಾರಿ ಇತ್ತು.

ಅನಂತಮೂರ್ತಿಯವರದೇ 'ಸಂಸ್ಕಾರ'ದಲ್ಲಿ (1965) ಪ್ಲೇಗು ಬಂದಾಗ ಅಗ್ರಹಾರ ಒಂದು ಹೆಣದ ಶಾಸ್ತ್ರಾರ್ಥದಲ್ಲಿ ಮುಳುಗಿರುತ್ತದೆ. ಹೊಲೆಗೇರಿಯಲ್ಲಿ ಹೆಣಗಳನ್ನು ಗುಡಿಸಲ ಸಮೇತ ಸುಡುತ್ತಾರೆ, ಶಾಸ್ತ್ರದ ಗೊಡವೆ ಇಲ್ಲ. ವೈದ್ಯ ಅಲ್ಲಿಗೂ ಬರುವುದಿಲ್ಲ, ಇಲ್ಲಿಗೂ ಬರುವುದಿಲ್ಲ.

ಬಂಗಾಳಿಯ ತಾರಾಶಂಕರ ಬಂದ್ಯೋಪಾಧ್ಯಾಯರ 'ಆರೋಗ್ಯ ನಿಕೇತನ'ವನ್ನು (1953) ಪಕ್ಕಕ್ಕಿಟ್ಟು ನೋಡಿ. ಅಲ್ಲೊಬ್ಬ ಮುದುಕ, ಜೀವನ್ ಮಶಾಯ್. ನಾಡಿ ಹಿಡಿದು ಸಾವಿನ ಹೊತ್ತು ಹೇಳುವವನು. ಹೊಸ ಡಾಕ್ಟರನ ಎದುರು ಅವನೂ ಡಿಗ್ರಿ ಇಲ್ಲದವನೇ. ಆದರೆ ಅವನ ಸೋಲಿಗೆ ಒಂದು ಘನತೆ ಇದೆ, ಯಾಕೆಂದರೆ ಅವನಿಗೆ ಮನೆತನ ಇದೆ, ಅಪ್ಪನಿಂದ ಬಂದ ವಿದ್ಯೆ ಇದೆ, ಕಟ್ಟೆ ಇದೆ. ಅಕಾಡೆಮಿಯವರು ಪ್ರಶಸ್ತಿ ಕೊಟ್ಟರು, ಪುಸ್ತಕ ಅದಕ್ಕೆ ತಕ್ಕದ್ದೇ. ಕೇರಿಯ ಮದ್ದಿನವನಿಗೆ ಇಂಥ ಒಂದು ಕಾದಂಬರಿಯ ಸಾವು ನಮ್ಮ ಕಡೆ ಯಾರು ಕೊಟ್ಟರು?

ತುಳುನಾಡಿನಲ್ಲಿ ಇದಕ್ಕಿಂತ ಘೋರವಾದ ಒಂದು ವೈದ್ಯ ಇತ್ತು. ಅದರಲ್ಲಿ ದಲಿತ ಮದ್ದು ಕೊಡುವವನಲ್ಲ, ಅವನೇ ಮದ್ದು. ಮಕ್ಕಳು ಹುಟ್ಟಿ ಹುಟ್ಟಿ ಸಾಯುವ ಮನೆಯವರು ಕೊರಗ ಹೆಂಗಸನ್ನು ಕರೆಸುತ್ತಿದ್ದರು. ಅವಳು ಕೂಸಿಗೆ ಮೊಲೆ ಕೊಟ್ಟು, ಇದು ನನ್ನ ಕೂಸು ಎಂದು ಹೇಳಿ, ಕೊರಗರ ಹೆಸರಿಟ್ಟು ವಾಪಸು ಕೊಡಬೇಕು. ಆಗ ಕೂಸು ಬದುಕುತ್ತದೆ ಎಂದು ನಂಬಿಕೆ. ಬ್ರಾಹ್ಮಣರೂ ಹೀಗೆ ಮಾಡುತ್ತಿದ್ದರೆಂದು 1909ರಲ್ಲಿ ಅಚ್ಚಾದ ಥರ್ಸ್ಟನ್ನನ ಪುಸ್ತಕದಲ್ಲಿದೆ. ಮುಟ್ಟಬಾರದವಳ ಎದೆಹಾಲು ಮಾತ್ರ ಆಗುತ್ತದೆ! ಇನ್ನೊಂದು ಅಜಲು. ಬಸುರಿಯರ, ಕಾಯಿಲೆಯವರ ದೋಷ ಹೋಗಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಮೇಲಿನವರ ರೋಗಕ್ಕೆ ಕೊರಗನ ಹೊಟ್ಟೆಯೇ ತಿಪ್ಪೆ. ಇದನ್ನು ನಿಷೇಧಿಸಿ ಕರ್ನಾಟಕದಲ್ಲಿ ಕಾಯಿದೆ ಆದದ್ದು 2000ದಲ್ಲಿ. ಪಕ್ಕದ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ಒಂದೇ ಜಿಲ್ಲೆಯಾಗಿದ್ದ ಈ ನೆಲದಲ್ಲಿ ಎರಡೂ ಒಟ್ಟಿಗೆ ಸುಮಾರು ನಲವತ್ತೇಳು ವರ್ಷ ನಡೆದವು. ಯಾವ ಕಾದಂಬರಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕು?

ಕಾನೂನು ನಡುವೆ ಬದಲಾಯಿತು. 1971ರಲ್ಲಿ ಗರ್ಭಪಾತಕ್ಕೆ ಕಾನೂನಿನ ದಾರಿ ಆಯಿತು, ಮರುವರ್ಷ ಜಾರಿಗೆ ಬಂತು. ಆದರೆ ಅದು ನೋಂದಾಯಿತ ಡಾಕ್ಟರು, ಮಾನ್ಯತೆ ಪಡೆದ ಆಸ್ಪತ್ರೆ ಇದ್ದಲ್ಲಿ. ಕೂಲಿ ಬಿಟ್ಟು ಪೇಟೆಗೆ ಹೋಗಿ ನಾಲ್ಕು ಜನರ ಎದುರು ಹೆಸರು ಬರೆಸುವ ಧೈರ್ಯ ಇದ್ದವರಿಗೆ. ಇಲ್ಲದವರಿಗೆ ಹಳೆಯ ಬಾಗಿಲೇ ಗತಿ.

ಆಮೇಲಿನ ದಶಕಗಳಲ್ಲಿ ಬಂದವನು ಸೂಜಿ ಡಾಕ್ಟರು. ಯಾವುದೋ ಶಾಪಿನಲ್ಲಿ ಕಂಪೌಂಡರ್ ಆಗಿ ನಾಲ್ಕು ಮದ್ದಿನ ಹೆಸರು ಕಲಿತು ಸಂತೆ ಊರಲ್ಲಿ ಕೋಣೆ ಹಿಡಿದವನು. ಜ್ವರಕ್ಕೂ ಸೂಜಿ, ಸುಸ್ತಿಗೂ ಸೂಜಿ, ದುಡ್ಡಿದ್ದರೆ ಗ್ಲೂಕೋಸ್ ಬಾಟ್ಲಿ. ಇವನನ್ನು ನಾಯಕ ಮಾಡುವ ಚಪಲ ನನಗಿಲ್ಲ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಅಂಟಿದ್ದು ಬೆಳಕಿಗೆ ಬಂತು. ಒಂದೇ ಸೂಜಿಯಿಂದ ಹಲವರಿಗೆ ಚುಚ್ಚಿದ ನಕಲಿ ವೈದ್ಯ ಕಾರಣ ಎಂದು ಅಲ್ಲಿನ ಆರೋಗ್ಯ ಇಲಾಖೆ ಹೇಳಿತು. ಸತ್ತವರು, ಕೆಟ್ಟವರು ನಮ್ಮ ಜನರೇ. ಕೇರಿಯ ಮದ್ದೆಲ್ಲ ಅಮೃತ ಎಂದು ಹಾಡುವವರಿಗೂ ಇದನ್ನು ಹೇಳಬೇಕು. 1996ರಲ್ಲಿ ಸುಪ್ರೀಂ ಕೋರ್ಟು, ಹೋಮಿಯೋಪತಿ ಓದಿ ಅಲೋಪತಿ ಮದ್ದು ಕೊಟ್ಟವನ ಕೇಸಿನಲ್ಲಿ, ತನಗೆ ತಿಳಿಯದ ಪದ್ಧತಿಯಲ್ಲಿ ಮದ್ದು ಕೊಡುವವನು ನಕಲಿ ವೈದ್ಯನೇ ಎಂದಿತು. ಸರಿಯಾದ ಮಾತು. ಅಲ್ಲಿ ಸಿಕ್ಕಿಬಿದ್ದವನಿಗೆ ಡಿಗ್ರಿ ಇತ್ತು ಎಂಬುದನ್ನೂ ನೆನಪಿಡಿ.

ಆದರೆ ಈ ಸೂಜಿ ಡಾಕ್ಟರು ರಾತ್ರಿ ಹತ್ತಕ್ಕೂ ಏಳುತ್ತಾನೆ, ಸಾಲ ಹೇಳುತ್ತಾನೆ, ಬೆಂಚಿನ ಮೇಲೆ ಕೂರು ಅನ್ನುತ್ತಾನೆ, ಕೈ ಹಿಡಿದು ನೋಡುತ್ತಾನೆ. ಕೂಲಿಯ ಹೆಂಗಸು ಅವನಲ್ಲಿಗೆ ಹೋಗುವುದು ದಡ್ಡತನಕ್ಕಲ್ಲ, ಲೆಕ್ಕ ಹಾಕಿಯೇ. ಸುಳ್ಯದಲ್ಲೂ ಈಗ ಮೆಡಿಕಲ್ ಕಾಲೇಜು ಇದೆ, ಮಂಗಳೂರಲ್ಲಿ ಎಷ್ಟೋ ಇವೆ. ಸವಣೂರಿನ ಗುಡ್ಡದಾಚೆಯ ಕಾಲನಿಯಿಂದ ಅಲ್ಲಿಗೆ ರಿಕ್ಷಾ, ಬಸ್ಸು, ಒಂದು ದಿನದ ಕೂಲಿ, ಚೀಟಿ, ಸ್ಕ್ಯಾನು. ಈ ಲೆಕ್ಕವನ್ನು ಪಾತ್ರದ ಒಳಗೆ ಇಳಿಸದೆ ಬರೆದರೆ ಸೂಜಿ ಡಾಕ್ಟರು ನಾಟಕದ ಕೋಡಂಗಿಯಾಗುತ್ತಾನೆ, ಹೋಗುವವರು ಕುರಿಗಳಾಗುತ್ತಾರೆ.

ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಕ್ಷರ ಕಲಿತವರಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದರು ಎಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರಿನಲ್ಲೇ ತೀರಿಕೊಂಡರು. ಅದಕ್ಕೂ ಮೊದಲು, 2014ರಲ್ಲಿ, ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟು ಅವರ ಹೆಸರಿನ ಹಿಂದೆ 'ಡಾಕ್ಟರ್' ಎಂದು ಬರೆಯಿತು. ಅಷ್ಟು ಹೊತ್ತಿಗೆ ಅವರು ಮೊದಮೊದಲು ಹೆರಿಗೆ ಮಾಡಿಸಿದ ಕೂಸುಗಳಿಗೆ ಮೊಮ್ಮಕ್ಕಳು ಬಂದಿರಬೇಕು.