ಗೆದ್ದವರಿಗಷ್ಟೇ ಕರೆಯೋಲೆ: ಸ್ನೂಕರ್‌ನ 'ಚಾಂಪಿಯನ್ ಆಫ್ ಚಾಂಪಿಯನ್ಸ್' ಕಲಿಸುವ ಮೆರಿಟ್ ಪಾಠ

'ಮೆರಿಟ್' ಅನ್ನೋ ಪದ ನಮ್ಮಲ್ಲಿ ಎಷ್ಟು ಸಲೀಸಾಗಿ ಬಳಕೆಯಾಗುತ್ತೆ ಅಂದ್ರೆ, ಅದನ್ನು ಯಾರು ಅಳೆದರು, ಯಾವ ಅಳತೆಗೋಲಿನಿಂದ ಅಳೆದರು ಅಂತ ಕೇಳುವುದನ್ನೇ ಮರೆತಿದ್ದೇವೆ. ಈ ಪ್ರಶ್ನೆಯನ್ನು ಬಿಡಿಸಿ ನೋಡಲು ನನಗೆ ಕಂಡ ಒಳ್ಳೆಯ ಉದಾಹರಣೆ ರಾಜಕೀಯದ್ದಲ್ಲ, ಆಟದ್ದು. ಇಂಗ್ಲೆಂಡಿನಲ್ಲಿ ನಡೆಯುವ 'ಚಾಂಪಿಯನ್ ಆಫ್ ಚಾಂಪಿಯನ್ಸ್' ಎಂಬ ಸ್ನೂಕರ್ ಟೂರ್ನಿಗೆ ಅರ್ಜಿ ಹಾಕುವಂತಿಲ್ಲ, ಅರ್ಹತಾ ಸುತ್ತು ಆಡುವಂತಿಲ್ಲ. ಕಳೆದೊಂದು ವರ್ಷದಲ್ಲಿ ದೊಡ್ಡ ಪ್ರಶಸ್ತಿಯೊಂದನ್ನು ಗೆದ್ದಿದ್ದರೆ ಕರೆ ಬರುತ್ತೆ, ಇಲ್ಲದಿದ್ದರೆ ಸಾಮಾನ್ಯವಾಗಿ ಇಲ್ಲ. ಇದಕ್ಕಿಂತ ಶುದ್ಧ ಮೆರಿಟ್ ಇನ್ನೇನು ಬೇಕು ಅನ್ನಿಸುತ್ತೆ ಅಲ್ವಾ? ಒಳಹೊಕ್ಕು ನೋಡೋಣ.

ಏನಿದು ಟೂರ್ನಿ?

ಈ ಹೆಸರಿನ ಸ್ಪರ್ಧೆ ಮೊದಲು ನಡೆದದ್ದು 1978ರಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ. ಆಗ ರೇ ರಿಯರ್ಡನ್ ಫೈನಲ್‌ನಲ್ಲಿ ಅಲೆಕ್ಸ್ ಹಿಗಿನ್ಸ್ ಅವರನ್ನು ಸೋಲಿಸಿದರು. 1980ರಲ್ಲಿ ಇನ್ನೊಮ್ಮೆ ನಡೆದು, ಡಗ್ ಮೌಂಟ್‌ಜಾಯ್ ಗೆದ್ದರು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಸದ್ದಿಲ್ಲ. 2013ರಲ್ಲಿ ಮ್ಯಾಚ್‌ರೂಮ್ ಸ್ಪೋರ್ಟ್ ಕಂಪನಿ ಇದಕ್ಕೆ ಮರುಜೀವ ಕೊಟ್ಟು ಕೊವೆಂಟ್ರಿ ನಗರದಲ್ಲಿ ನಡೆಸಿತು. ಐಟಿವಿ4 ವಾಹಿನಿ ಪ್ರಸಾರ ಮಾಡಿತು. ಅಲ್ಲಿಂದ ಇದು ವರ್ಷದ ಕೊನೆಯ ಭಾಗದ ವಾರ್ಷಿಕ ಟೂರ್ನಿಯಾಗಿದೆ. ಕೊವೆಂಟ್ರಿಯ ನಂತರ ಮಿಲ್ಟನ್ ಕೀನ್ಸ್‌ಗೂ ಬೋಲ್ಟನ್‌ಗೂ ಹೋಯಿತು.

2013ರಿಂದ ರೂಢಿಗೆ ಬಂದ ಮಾದರಿ ಹೀಗಿದೆ. ಹದಿನಾರು ಆಟಗಾರರು, ನಾಲ್ವರ ನಾಲ್ಕು ಗುಂಪು. ಒಂದು ಗುಂಪಿನ ಕತೆ ಒಂದೇ ದಿನದಲ್ಲಿ ಮುಗಿಯುತ್ತೆ. ಮೊದಲ ಪಂದ್ಯದಲ್ಲಿ ನಾಲ್ಕು ಫ್ರೇಮ್ ಮೊದಲು ಗೆದ್ದವರು ಅದೇ ದಿನ ಗುಂಪಿನ ಫೈನಲ್ ಆಡಬೇಕು. ಅಲ್ಲಿ ಆರು ಫ್ರೇಮ್ ಬೇಕು. ಸೆಮಿಫೈನಲ್‌ಗೂ ಆರು, ಫೈನಲ್‌ಗೆ ಹತ್ತು. ಬೆಳಗ್ಗೆ ಚಾಂಪಿಯನ್ ಅನ್ನಿಸಿಕೊಂಡು ಬಂದವರು ರಾತ್ರಿಯೊಳಗೆ ಬ್ಯಾಗು ಕಟ್ಟಿಕೊಂಡು ಹೊರಡುವುದೂ ಇದೆ.

ಇಲ್ಲಿ ಗೆದ್ದರೆ ರ್‍ಯಾಂಕಿಂಗ್‌ಗೆ ಏನೂ ಸೇರುವುದಿಲ್ಲ. ಸಿಗುವುದು ಹೆಸರು ಮತ್ತು ದುಡ್ಡು. ಮೊದಲ ವರ್ಷಗಳಲ್ಲಿ ವಿಜೇತರಿಗೆ 1 ಲಕ್ಷ ಪೌಂಡ್ ಇತ್ತು, 2019ರಲ್ಲಿ ಅದು 1.5 ಲಕ್ಷ ಪೌಂಡ್ ಆಯಿತು. ರೋನಿ ಓ'ಸಲಿವನ್ 2013, 2014, 2018 ಮತ್ತು 2022ರಲ್ಲಿ, ಹೀಗೆ ನಾಲ್ಕು ಸಲ ಗೆದ್ದಿದ್ದಾರೆ. ನೀಲ್ ರಾಬರ್ಟ್‌ಸನ್ ಮತ್ತು ಮಾರ್ಕ್ ಅಲೆನ್ ಎರಡೆರಡು ಸಲ ಗೆದ್ದವರು.

ಕರೆ ಹೇಗೆ ಬರುತ್ತೆ?

ಹೋಲಿಕೆಗೆ 'ಮಾಸ್ಟರ್ಸ್' ಟೂರ್ನಿ ನೋಡಿ. 1975ರಲ್ಲಿ ಶುರುವಾದ ಇದೂ ಆಹ್ವಾನಿತರ ಟೂರ್ನಿಯೇ. ಆದರೆ ಈಗ ಅಲ್ಲಿ ಕರೆ ಹೋಗುವುದು ವಿಶ್ವ ರ್‍ಯಾಂಕಿಂಗ್‌ನ ಮೊದಲ ಹದಿನಾರು ಮಂದಿಗೆ. ಸ್ನೂಕರ್ ರ್‍ಯಾಂಕಿಂಗ್ ಅಂದ್ರೆ ಎರಡು ವರ್ಷದಲ್ಲಿ ರ್‍ಯಾಂಕಿಂಗ್ ಟೂರ್ನಿಗಳಿಂದ ಗಳಿಸಿದ ಬಹುಮಾನದ ಮೊತ್ತ. ಅಂದರೆ ಒಂದೂ ಕಪ್ ಗೆಲ್ಲದೆ, ಮೇಲಿಂದ ಮೇಲೆ ಸೆಮಿಫೈನಲ್ ತಲುಪಿದವರೂ ಮಾಸ್ಟರ್ಸ್ ಆಡಬಹುದು.

ಚಾಂಪಿಯನ್ ಆಫ್ ಚಾಂಪಿಯನ್ಸ್‌ನಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಸ್ಥಿರತೆಗಲ್ಲ, ಗೆಲುವಿಗೆ ಬೆಲೆ. ಇದರ ಚೆಂದ 2024ರಲ್ಲಿ ಕಾಣಿಸಿತು. ಚೀನಾದ ಶಿಯಾವ್ ಗೊಡಾಂಗ್ ವರ್ಷಗಟ್ಟಲೆ ಆಡಿ, ಆ ವರ್ಷದ ಅಕ್ಟೋಬರ್‌ನಲ್ಲಿ ವುಹಾನ್ ಓಪನ್ ಗೆದ್ದು ತಮ್ಮ ಮೊದಲ ರ್‍ಯಾಂಕಿಂಗ್ ಪ್ರಶಸ್ತಿ ಪಡೆದರು. ಮರುತಿಂಗಳೇ ಚಾಂಪಿಯನ್‌ಗಳ ಸಾಲಿನಲ್ಲಿ ನಿಂತು ಫೈನಲ್‌ವರೆಗೆ ಹೋದರು. ಅವರನ್ನು ಸೋಲಿಸಿ ಕಪ್ ಎತ್ತಿದ್ದು 49 ವರ್ಷದ ಮಾರ್ಕ್ ವಿಲಿಯಮ್ಸ್.

ಇಲ್ಲಿವರೆಗೆ ಎಲ್ಲ ನೇರ. ತಕರಾರು ಶುರುವಾಗುವುದು ಮುಂದಿನ ಪ್ರಶ್ನೆಯಲ್ಲಿ: *ಯಾವ* ಗೆಲುವು?

ಒಬ್ಬರೇ ಮೂರು ಟೂರ್ನಿ ಗೆದ್ದರೆ ಸೀಟು ಖಾಲಿ ಉಳಿಯುತ್ತೆ. ಆಗ ರ್‍ಯಾಂಕಿಂಗ್‌ನಲ್ಲಿ ಮೇಲಿರುವವರನ್ನು ಕರೆಯುವ ರೂಢಿ ಇದೆ. ಯಾವ ಟೂರ್ನಿಯ ಗೆಲುವು ಲೆಕ್ಕಕ್ಕುಂಟು, ಯಾವುದು ಇಲ್ಲ ಅನ್ನೋ ಪಟ್ಟಿ ಮಾಡುವವರು ಸಂಘಟಕರು. ಆಟಗಾರ ಟೇಬಲ್ ಮುಂದೆ ನಿಲ್ಲುವ ಎಷ್ಟೋ ಮೊದಲೇ ಅರ್ಧ ಆಟ ಆ ಪಟ್ಟಿಯಲ್ಲಿ ಮುಗಿದಿರುತ್ತೆ. ಪಟ್ಟಿ ಮಾಡಿದವರು ಮೋಸ ಮಾಡಿದ್ದಾರೆ ಅಂತ ನಾನು ಹೇಳ್ತಿಲ್ಲ. ಪಟ್ಟಿ ಆಕಾಶದಿಂದ ಬಿದ್ದದ್ದಲ್ಲ, ಯಾರೋ ಕೂತು ಮಾಡಿದ್ದು ಅನ್ನೋದಷ್ಟೇ ನನ್ನ ಮಾತು.

ಆ ಒಂದು ಸೀಟು

ಪಟ್ಟಿ ಬದಲಾಗಬಲ್ಲದು ಅನ್ನೋದಕ್ಕೆ ಸಾಕ್ಷಿ ಇದೇ ಟೂರ್ನಿಯಲ್ಲಿದೆ. ಮಹಿಳಾ ವಿಶ್ವ ಚಾಂಪಿಯನ್‌ಗೂ ಇಲ್ಲಿ ಜಾಗ ಕೊಡಲಾಯಿತು. 'ಇದು ಕೋಟಾ, ಮೆರಿಟ್ ಅಲ್ಲ' ಅನ್ನುವ ಗೊಣಗಾಟ ನಮಗೆ ಹೊಸದೇನಲ್ಲ. 2019ರಲ್ಲಿ ಆ ಸೀಟಿನಲ್ಲಿ ಬಂದವರು ರಿಯಾನ್ ಎವಾನ್ಸ್, ಅಷ್ಟರಲ್ಲಾಗಲೇ ಹನ್ನೆರಡು ಸಲ ಮಹಿಳಾ ವಿಶ್ವ ಪ್ರಶಸ್ತಿ ಗೆದ್ದಿದ್ದವರು. ಎದುರಾಳಿ ಶಾನ್ ಮರ್ಫಿ, 2005ರ ವಿಶ್ವ ಚಾಂಪಿಯನ್, ಇದೇ ಟೂರ್ನಿಯನ್ನು 2017ರಲ್ಲಿ ಗೆದ್ದಿದ್ದವರು. ಪಂದ್ಯ 3-3ಕ್ಕೆ ಬಂದು ನಿಂತಿತು. ಕೊನೆಯ ಫ್ರೇಮ್ ಮರ್ಫಿ ಗೆದ್ದು, 4-3ರಲ್ಲಿ ಬಚಾವಾದರು.

ಎವಾನ್ಸ್ ಸೋತರು, ಸರಿ. ಆದರೆ ಆ ಸೀಟು ಇಲ್ಲದಿದ್ದರೆ ಈ ಪಂದ್ಯವೇ ನಡೆಯುತ್ತಿರಲಿಲ್ಲ, ಅಂತರ ಎಷ್ಟು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ನೂಕರ್‌ನ ವೃತ್ತಿಪರ ಟೂರ್‌ನಲ್ಲಿ 'ಗಂಡಸರು ಮಾತ್ರ' ಅಂತ ನಿಯಮವಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ ಅಂತಲೇ ಹೇಳ್ತಾರೆ. ಆದರೆ ಬಾಗಿಲವರೆಗಿನ ಮೆಟ್ಟಿಲು, ಅಂದರೆ ಕ್ಲಬ್ಬು, ಅಭ್ಯಾಸದ ಜೊತೆಗಾರರು, ಬಹುಮಾನದ ದುಡ್ಡು, ಎಲ್ಲರಿಗೂ ಒಂದೇ ಅಲ್ಲ. 2021ರಲ್ಲಿ ಎವಾನ್ಸ್ ಮತ್ತು ಹಾಂಗ್‌ಕಾಂಗ್‌ನ ಆಂಗ್ ಆನ್-ಯೀ ಅವರಿಗೆ ಮಹಿಳಾ ಟೂರ್ ಮೂಲಕವೇ ಎರಡು ವರ್ಷದ ವೃತ್ತಿಪರ ಕಾರ್ಡ್ ಕೊಟ್ಟಾಗ, ಮೆಟ್ಟಿಲು ಸರಿಯಿಲ್ಲ ಅನ್ನೋದನ್ನು ಆಟದ ಆಡಳಿತವೇ ಒಪ್ಪಿದಂತಾಯಿತು ಅಂತ ನಾನು ಓದುತ್ತೇನೆ.

ಭಾರತ ಎಲ್ಲಿದೆ?

ಸ್ನೂಕರ್ ಹುಟ್ಟಿದ್ದು ನಮ್ಮ ನೆಲದಲ್ಲಿ. 1875ರಲ್ಲಿ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲಿನ್ ಇದನ್ನು ರೂಪಿಸಿದ ಅನ್ನುವುದು ಒಪ್ಪಿತವಾದ ಕತೆ; ಊಟಿಯ ಕ್ಲಬ್ಬು ಇದನ್ನು ಬೆಳೆಸಿತು. ಸಾಹೇಬರ ಕ್ಲಬ್ಬಿನಲ್ಲಿ ಹುಟ್ಟಿದ ಆಟ ಸಾಹೇಬರ ಜೊತೆಗೇ ಊರಿಗೆ ಹೋಯಿತು. ಟೂರ್, ಟಿವಿ, ದುಡ್ಡು ಬೆಳೆದದ್ದು ಬ್ರಿಟನ್ನಿನಲ್ಲಿ; ಈಚೆಗೆ ಅದರ ಜೊತೆ ಚೀನಾ ಸೇರಿದೆ.

ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಸೇರಿ ಎರಡು ಡಜನ್‌ಗೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದವರು. ಆದರೆ ಅವು ಬಿಲಿಯರ್ಡ್ಸ್ ಮತ್ತು ಅಮೆಚೂರ್ ಸ್ನೂಕರ್ ಪ್ರಶಸ್ತಿಗಳು, ಈ ಟೂರ್ನಿಯ ಪಟ್ಟಿಯಲ್ಲಿ ಲೆಕ್ಕಕ್ಕಿಲ್ಲ. 2012ರಲ್ಲಿ ವೃತ್ತಿಪರ ಟೂರ್ ಸೇರಿದ ಅಡ್ವಾಣಿ, 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರು. 2014ರಲ್ಲಿ ಟೂರ್ ಬಿಟ್ಟು ವಾಪಸ್ ಬಂದರು. 2013ರಲ್ಲೇ ದೆಹಲಿಯ ಇಂಡಿಯನ್ ಓಪನ್‌ನಲ್ಲಿ ಆದಿತ್ಯ ಮೆಹ್ತಾ ಫೈನಲ್‌ವರೆಗೆ ಹೋಗಿ ಡಿಂಗ್ ಜುನ್‌ಹುಯಿ ಎದುರು ಸೋತರು. ರ್‍ಯಾಂಕಿಂಗ್ ಪ್ರಶಸ್ತಿಗೆ ಒಬ್ಬ ಭಾರತೀಯ ಅಷ್ಟು ಹತ್ತಿರ ಹೋದದ್ದು ಅದೇ ಮೊದಲು. ಆ ಟೂರ್ನಿಯೂ 2019ರಲ್ಲಿ ಕೊಚ್ಚಿಯಲ್ಲಿ ನಡೆದದ್ದೇ ಕೊನೆ. ಬೆಂಗಳೂರಿನ ವಿದ್ಯಾ ಪಿಳ್ಳೈ 2017ರ ಮಹಿಳಾ ವಿಶ್ವ ಫೈನಲ್‌ನಲ್ಲಿ ಆಂಗ್ ಆನ್-ಯೀ ಎದುರು 5-6ರಲ್ಲಿ, ಒಂದೇ ಫ್ರೇಮ್ ಅಂತರದಲ್ಲಿ ಸೋತರು.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರ ಇಡುತ್ತೇನೆ. 2014ರಲ್ಲಿ ಅಮೆಚೂರ್ ವಿಶ್ವ ಸ್ನೂಕರ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಗೆದ್ದದ್ದು ಚೀನಾದ 14 ವರ್ಷದ ಹುಡುಗ ಯಾನ್ ಬಿಂಗ್‌ಟಾವ್. ಅವನು 2019ರಲ್ಲಿ ರ್‍ಯಾಂಕಿಂಗ್ ಪ್ರಶಸ್ತಿ ಗೆದ್ದ, 2021ರಲ್ಲಿ ಮಾಸ್ಟರ್ಸ್ ಗೆದ್ದ. ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ 2023ರಲ್ಲಿ ಐದು ವರ್ಷದ ನಿಷೇಧಕ್ಕೂ ಒಳಗಾದ. ಕೊನೆಯ ಭಾಗ ಕಹಿ ನಿಜ, ಆದರೆ ಅಲ್ಲಿವರೆಗಿನ ಏಣಿ ಗಮನಿಸಿ. ಅಮೆಚೂರ್ ಗೆಲುವಿನಿಂದ ವೃತ್ತಿಪರ ಪ್ರಶಸ್ತಿಗೆ ಹೋಗುವ ದಾರಿಯನ್ನು ಚೀನಾ ಕಟ್ಟಿಕೊಂಡಿದೆ: ತನ್ನ ನೆಲದಲ್ಲೇ ರ್‍ಯಾಂಕಿಂಗ್ ಟೂರ್ನಿಗಳು, ಜೊತೆಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನೆಲೆ ನಿಂತು ಅಭ್ಯಾಸ ಮಾಡುವ ಆಟಗಾರರು. ನಾವು ಪ್ರತಿಭೆ ಇದೆ ಅಂತ ಹೆಮ್ಮೆಪಟ್ಟುಕೊಂಡೆವು, ಏಣಿ ಕಟ್ಟಲಿಲ್ಲ.

ಹಾಗಾದ್ರೆ ಮೆರಿಟ್ ಸುಳ್ಳಾ?

ಇಲ್ಲ. ಟೇಬಲ್ ಮೇಲಿನ ಚೆಂಡಿಗೆ ಹೊಡೆಯುವವರ ಜಾತಿ, ದೇಶ, ಲಿಂಗ ಗೊತ್ತಿಲ್ಲ. ಹತ್ತು ಫ್ರೇಮ್ ಗೆದ್ದವರು ಗೆದ್ದರು, ಅಷ್ಟೇ. ಈ ಟೂರ್ನಿ ನನಗೆ ಇಷ್ಟವಾಗುವುದೂ ಅದಕ್ಕೇ: ಹಳೇ ಹೆಸರಿನ ಭಾರದಿಂದ ಅಲ್ಲ, ಈ ವರ್ಷ ಗೆದ್ದದ್ದರಿಂದ ಜಾಗ ಸಿಗುತ್ತೆ. ನಮ್ಮ ಎಷ್ಟು ಸಂಸ್ಥೆಗಳ ಬಗ್ಗೆ ಈ ಮಾತು ಹೇಳಬಹುದು?

ಆದರೆ ಫಲಿತಾಂಶ ನ್ಯಾಯವಾಗಿದ್ದ ಮಾತ್ರಕ್ಕೆ ಪಟ್ಟಿಯೂ ನ್ಯಾಯವಾಗಿದೆ ಅಂತ ಆಗಲ್ಲ. ಒಂದು ಸೀಟು ಸೇರಿಸಿದ್ದರಿಂದ ಟೂರ್ನಿಯ ಮಟ್ಟ ಕುಸಿಯಲಿಲ್ಲ. 4-3ರ ಒಂದು ರೋಚಕ ಪಂದ್ಯ ಸಿಕ್ಕಿತು. ಮುಂದಿನ ಸಲ ಕಾಲೇಜಿನಲ್ಲೋ ಟಿವಿ ಚರ್ಚೆಯಲ್ಲೋ ಯಾರಾದರೂ 'ಮೆರಿಟ್ ಇದ್ದವರಿಗೆ ಮಾತ್ರ ಸೀಟು' ಅಂದರೆ, ಜಗಳ ಬೇಡ. ಯಾವ ಗೆಲುವನ್ನು ಲೆಕ್ಕಕ್ಕೆ ತಗೊಂಡ್ರಿ, ಆ ಪಟ್ಟಿ ಮಾಡಿದ್ದು ಯಾರು ಅಂತ ಕೇಳಿ. ಉತ್ತರ ಬರುವವರೆಗೂ ಬಿಡಬೇಡಿ.